ನಾನು ಅಳಿಸಿದ ನಾಲ್ಕು ಖಾಲಿ ಸಾಲು

೨೦೦೪ನೆಯ ಇಸವಿ. ಆಗ ನಾನು ಬನಹಟ್ಟಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಲ್ಯಾಬ್ ಇನ್‌ಚಾರ್ಜ್ ಆಗಿದ್ದೆ. ಹುದ್ದೆಯ ಹೆಸರು ಮಾತ್ರ ದೊಡ್ಡದು. ಬೆಳಿಗ್ಗೆ ಬಾಗಿಲು ತೆಗೆದು ಕಸ ಹೊಡೆಯುವುದರಿಂದ ಹಿಡಿದು, ವಿದ್ಯಾರ್ಥಿಗಳ ಪ್ರೋಗ್ರಾಮುಗಳಲ್ಲಿ ಬರುವ ತಪ್ಪು ತೆಗೆದುಕೊಡುವವರೆಗೆ ಎಲ್ಲವೂ ನನ್ನ ಕೆಲಸವೇ. ಹತ್ತನೆಯ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಎರಡರಲ್ಲೂ ನಪಾಸಾಗಿ ಶಾಲೆ ಬಿಟ್ಟವನು ನಾನು. ಅಂಥವನು ಸಿ ಭಾಷೆಯ ತಪ್ಪು ತೆಗೆಯುತ್ತಿದ್ದುದು ಹೇಗೆ ಎಂಬುದನ್ನು ಮೊದಲು ಹೇಳಬೇಕು. ಮುಂದೆ ಆದ ಅನಾಹುತದ ಬೇರು ಅಲ್ಲೇ ಇದೆ.

ಪ್ರೋಗ್ರಾಮ್ ಬರೆದ ಮೇಲೆ ಅದನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವ ಸಾಧನಕ್ಕೆ ಕಂಪೈಲರ್ ಎನ್ನುತ್ತಾರೆ. ಬರೆದದ್ದರಲ್ಲಿ ನಿಯಮ ತಪ್ಪಿದ್ದರೆ ಅದು ಮುಂದಕ್ಕೆ ಹೋಗುವುದಿಲ್ಲ. ಪರದೆಯ ಕೆಳಗೆ ಒಂದು ಸಾಲಿನ ಇಂಗ್ಲಿಷ್ ಸಂದೇಶ ತೋರಿಸಿ ಅಲ್ಲೇ ಹಟ ಹಿಡಿದು ಕೂರುತ್ತದೆ. ಆ ಸಂದೇಶಗಳನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಒಂದೊಂದಕ್ಕೆ ಒಂದೊಂದು ಔಷಧ ಇಟ್ಟುಕೊಂಡಿದ್ದೆ. ಇಂಥ ಸಂದೇಶ ಬಂದರೆ ಕಂಸ ಮುಚ್ಚು, ಇಂಥದ್ದು ಬಂದರೆ ಅಕ್ಷರ ತೆಗೆದು ಅಂಕಿ ಹಾಕು, ಇಂಥದ್ದಕ್ಕೆ ಹೆಚ್ಚಾದದ್ದನ್ನು ಅಳಿಸು. ವಿದ್ಯಾರ್ಥಿಗಳು ನನ್ನನ್ನು ‘ಎರರ್ ಡಾಕ್ಟರ್’ ಎಂದು ಕರೆಯುತ್ತಿದ್ದರು. ಹೊರಗೆ ನಗುತ್ತಿದ್ದೆ, ಒಳಗೆ ಉಬ್ಬುತ್ತಿದ್ದೆ. ರೋಗದ ಹೆಸರು, ಔಷಧದ ಹೆಸರು ಎರಡೂ ನನಗೆ ಗೊತ್ತಿದ್ದವು. ರೋಗಿಯ ಮೈಯೊಳಗೆ ಏನಿದೆ ಎಂಬುದು ಗೊತ್ತಿರಲಿಲ್ಲ.

ಆ ಔಷಧಗಳಲ್ಲಿ ಅರ್ಧದಷ್ಟನ್ನು ನನಗೆ ಕಲಿಸಿದವಳು ನನ್ನ ತಂಗಿ ರೇಣುಕಾ. ಜಮಖಂಡಿಯಲ್ಲಿ ಬಿಸಿಎ ಕೊನೆಯ ವರ್ಷದಲ್ಲಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ನಮ್ಮ ಓಣಿಯಲ್ಲಿ ಪವರ್‌ಲೂಮ್‌ಗಳ ಸದ್ದಿನಲ್ಲಿ ಹುಟ್ಟಿ ಅದರಲ್ಲೇ ಬೆಳೆದವರು ನಾವು. ಅಪ್ಪ ಒಂದು ನೇಕಾರ ಸಂಘಕ್ಕೆ ಸೀರೆಯ ದಡಿಯ ವಿನ್ಯಾಸ ತೆಗೆದುಕೊಡುತ್ತಿದ್ದ. ದಡಿ ಎಂದರೆ ಸೀರೆಯ ಅಂಚು. ಅದರಲ್ಲಿ ಜೋಳದ ತೆನೆ, ಗೋಪುರ, ಹೂವು ಮೂಡಬೇಕಾದರೆ ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಎಂಬ ಯಂತ್ರ ಇರುತ್ತದೆ. ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ದಾರದಲ್ಲಿ ಪೋಣಿಸಿ ಮಾಲೆ ಮಾಡಿ ಅದಕ್ಕೆ ಹಾಕುತ್ತಾರೆ. ತೂತಿದ್ದಲ್ಲಿ ದಡಿಯ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಇರುತ್ತದೆ. ಒಂದು ಕಾರ್ಡಿಗೆ ನೇಯ್ಗೆಯ ಒಂದು ಸಾಲು.

ಇಲ್ಲಿ ನಮ್ಮವರ ಒಂದು ರೂಢಿ ಹೇಳಬೇಕು. ಒಂದು ತೆನೆ ಮುಗಿದು ಮತ್ತೊಂದು ತೆನೆ ಶುರುವಾಗುವ ನಡುವೆ ದಡಿಯಲ್ಲಿ ಬಿಡುವು ಬೇಕು. ಅದಕ್ಕೆ ಮಾಲೆಯ ಕೊನೆಗೆ ತೂತೇ ಇಲ್ಲದ ಕೆಲವು ಕಾರ್ಡು ಸೇರಿಸುತ್ತಾರೆ. ಅವಕ್ಕೆ ನಾವು ಉಸಿರು ಎನ್ನುತ್ತೇವೆ. ಉಸಿರಿನ ಕಾರ್ಡನ್ನು ಯಾರೂ ಲೆಕ್ಕದಲ್ಲಿ ಹೇಳುವುದಿಲ್ಲ. ‘ಎಷ್ಟು ಕಾರ್ಡಿನ ತೆನಿ?’ ಎಂದು ಕೇಳಿದರೆ ತೂತು ಇರುವ ಕಾರ್ಡಿನ ಲೆಕ್ಕವನ್ನಷ್ಟೇ ಹೇಳುತ್ತಾರೆ. ಉಸಿರು ಎಷ್ಟು ಬೇಕೆಂಬುದು ಕಟ್ಟುವವನ ಕೈಗೆ ತಾನಾಗಿ ಗೊತ್ತಿರುತ್ತದೆ. ಉಂಡ ರೊಟ್ಟಿ ಎಣಿಸುತ್ತಾರೆ, ಕುಡಿದ ನೀರು ಯಾರು ಎಣಿಸುತ್ತಾರೆ, ಹಾಗೆ.

ಅಪ್ಪನ ಕಣ್ಣು ಮಂಜಾಗುತ್ತಿತ್ತು. ಸಂಘದವರು ಹೊಸ ವಿನ್ಯಾಸಗಾರರನ್ನು ಹುಡುಕುತ್ತಿದ್ದರು. ರೇಣುಕಾ ಅಪ್ಪನ ವಿನ್ಯಾಸವನ್ನು ಕಂಪ್ಯೂಟರ್‌ಗೆ ಹಾಕಿ, ಯಾವ ಕಾರ್ಡಿನಲ್ಲಿ ಎಲ್ಲಿ ತೂತು ಹೊಡೆಯಬೇಕೆಂದು ಮುದ್ರಿಸಿಕೊಡುವ ಪ್ರೋಗ್ರಾಮ್ ಬರೆದಳು. ಸಂಘದ ಅಧ್ಯಕ್ಷರು ಒಂದು ಷರತ್ತು ಹಾಕಿದರು. ಅವಳ ಕಾಗದ ನೋಡಿ ಸಂಘದ ಕಾರ್ಡ್ ಹೊಡೆಯುವವನೇ ಕಾರ್ಡು ಹೊಡೆಯಬೇಕು, ಅಪ್ಪ ಕೈ ಹಚ್ಚಬಾರದು, ಮಗ್ಗದ ಮೇಲೆ ದಡಿ ಸರಿಯಾಗಿ ಬಂದರೆ ವಿನ್ಯಾಸಗಾರ್ತಿಯ ಕೆಲಸ ಅವಳಿಗೇ. ಬರದಿದ್ದರೆ ಹೊರಗಿನ ಊರಿನಿಂದ ಸಿದ್ಧ ಸಾಫ್ಟ್‌ವೇರನ್ನೂ ಅದರ ಜೊತೆಗೆ ಆಳನ್ನೂ ತರಿಸುತ್ತಾರೆ.

ಅದೇ ಹೊತ್ತಿಗೆ ಮುಧೋಳದ ಒಂದು ಮನೆಯಿಂದ ರೇಣುಕಾಳನ್ನು ಕೇಳಿಕೊಂಡು ಬಂದಿದ್ದರು. ಅವಳು ಮದುವೆ ಈಗ ಬೇಡ ಎಂದಳು. ಅಪ್ಪ ಜಗಳವಾಡಲಿಲ್ಲ.

“ಕೆಲಸ ಸಿಕ್ತಂದ್ರ ನೀ ಹೇಳಿದಂಗ. ಸಿಗಲಿಲ್ಲಂದ್ರ ನಾ ಹೇಳಿದಂಗ. ಆತಿಲ್ಲ?” ಎಂದ.

“ಆತು,” ಎಂದಳು ಅವಳು.

ಅವಳ ಮುಂದಿನ ಬಾಳೆಲ್ಲ ಆ ಒಂದು ದಡಿಗೆ ಕಟ್ಟಿಕೊಂಡಿತು. ಮನೆಯವರೆಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಅವಳ ಕಾಲೇಜಿನಲ್ಲಿ ಕಂಪ್ಯೂಟರ್ ಸಿಗುವುದೇ ಕಷ್ಟವಾಗಿತ್ತು. ಅದಕ್ಕೆ ನಮ್ಮ ಕೇಂದ್ರದಲ್ಲಿ ಕೆಲಸ ಹಂಚಿಕೊಂಡೆವು. ಪ್ರೋಗ್ರಾಮಿನ ತಲೆಭಾಗವನ್ನು ಅವಳು ಕಾಗದದ ಮೇಲೆ ಬರೆದುಕೊಟ್ಟಳು. ನಾನು ಬಿಡುವಾದಾಗ ಟೈಪ್ ಮಾಡಿದೆ. ವಿನ್ಯಾಸದ ಅಂಕಿಗಳನ್ನು, ತೂತಿಗೆ ಒಂದು, ತೂತಿಲ್ಲದ್ದಕ್ಕೆ ಸೊನ್ನೆ, ಸಾಲು ಸಾಲಾಗಿ ಅವಳೇ ಕೂತು ಹೊಡೆದಳು. ಅದನ್ನು ಬೇರೆಯವರ ಕೈಗೆ ಬಿಡಲಿಲ್ಲ.

ಆ ಅಂಕಿಗಳೆಲ್ಲ ಅರೇ ಎಂಬುದರಲ್ಲಿ ಕೂರಬೇಕು. ಅರೇ ಎಂದರೆ ಒಂದೇ ಹೆಸರಿನ ಸಾಲು ಗೂಡುಗಳು. ನೂಲು ಸುತ್ತಿದ ಬಾಬಿನ್ ಇಡುವ ಕಟ್ಟಿಗೆಯ ಸ್ಟ್ಯಾಂಡಿನಲ್ಲಿ ಇಷ್ಟು ಅಡ್ಡಸಾಲು, ಸಾಲಿಗೆ ಇಷ್ಟು ಮೊಳೆ ಎಂದು ಇರುತ್ತದಲ್ಲ, ಹಾಗೆ. ಎಷ್ಟು ಸಾಲು, ಸಾಲಿಗೆ ಎಷ್ಟು ಗೂಡು ಎಂದು ಮೊದಲೇ ಕಂಪೈಲರ್‌ಗೆ ಹೇಳಿಡುವುದಕ್ಕೆ ಡಿಕ್ಲರೇಶನ್ ಎನ್ನುತ್ತಾರೆ. ಅರೇಯ ಹೆಸರಿನ ಮುಂದೆ ಎರಡು ಚೌಕ ಕಂಸ ಬರೆದು ಅದರೊಳಗೆ ಅಂಕಿ ಹಾಕುತ್ತಾರೆ.

ರೇಣುಕಾ ಕೊಟ್ಟ ಕಾಗದದಲ್ಲಿ ಎರಡನೆಯ ಕಂಸದಲ್ಲಿ ಇಪ್ಪತ್ನಾಲ್ಕು ಎಂದಿತ್ತು. ಸಾಲುಗಳ, ಅಂದರೆ ಕಾರ್ಡುಗಳ ಲೆಕ್ಕ ಬರಬೇಕಾದ ಮೊದಲನೆಯದು ಖಾಲಿ ಇತ್ತು.

ಮರೆತಿದ್ದಾಳೆ ಎಂದುಕೊಂಡೆ. ಗಾತ್ರ ಹೇಳದೆ ಅರೇ ಮಾಡಬಾರದು ಎಂಬುದು ನನ್ನ ಬಾಯಿಪಾಠದಲ್ಲಿ ಮೊದಲನೆಯ ಪಾಠ. ಅವಳ ತಪ್ಪು ಹಿಡಿದೆನಲ್ಲ ಎಂದು ಖುಷಿಯೂ ಆಯಿತು. ಮನೆಗೆ ಹೋದಾಗ ಅಪ್ಪನನ್ನು ಕೇಳಿದೆ.

“ಅಪ್ಪಾ, ಆ ತೆನಿ ದಡಿ ಎಷ್ಟು ಕಾರ್ಡಿಂದು?”

“ಅರವತ್ತೆಂಟು,” ಎಂದ ಅಪ್ಪ, ತಲೆ ಎತ್ತದೆ.

ಆ ಖಾಲಿ ಕಂಸಕ್ಕೆ ಅರವತ್ತೆಂಟು ಹಾಕಿದೆ. ಅದೂ ನೇರವಾಗಿ ಹಾಕಲಿಲ್ಲ. ಪುಸ್ತಕದಲ್ಲಿ ಕಂಡಂತೆ ಜಾಣತನ ತೋರಿಸಲು ಅರವತ್ತೆಂಟನ್ನು ಎನ್ ಎಂಬ ಅಕ್ಷರಕ್ಕೆ ಕೊಟ್ಟು, ಕಂಸದಲ್ಲಿ ಎನ್ ಬರೆದೆ. ಮಾರನೆಯ ದಿನ ರೇಣುಕಾ ಅವಸರದಲ್ಲಿ ಬಸ್ಸಿಗೆ ಓಡುತ್ತ ಕೇಳಿದಳು.

“ತಲಿಭಾಗ ನಾ ಬರದಂಗ ಹೊಡದಿ ಇಲ್ಲೋ?”

“ಹೊಡದೇನ್ ಬಾ. ನಿಂದೊಂದು ತಪ್ಪನ್ನೂ ತಿದ್ದೇನಿ,” ಎಂದೆ.

“ಯಾವ ತಪ್ಪು?”

ಬಸ್ಸು ಬಂತು. ಉತ್ತರ ಕೇಳದೆ ಹತ್ತಿದಳು.

ಸಂಘದವರು ದಡಿ ನೇಯ್ದು ನೋಡಲು ಗೊತ್ತು ಮಾಡಿದ ದಿನ ಎರಡು ಕೆಲಸ ಒಂದರ ಮೇಲೊಂದು ಬಿದ್ದವು. ಅಂದು ಬೆಳಿಗ್ಗೆ ಅವಳಿಗೆ ಜಮಖಂಡಿಯಲ್ಲಿ ಪರೀಕ್ಷೆಯ ಪೇಪರ್. ಸಂಜೆ ನಾಲ್ಕಕ್ಕೆ ಸಂಘದ ಶೆಡ್ಡಿನಲ್ಲಿ ಮಗ್ಗ ಹಚ್ಚುವುದು. ಅವಳು ವಾಪಸು ಬರುವುದೇ ಮೂರರ ಮೇಲೆ. ಅಷ್ಟರಲ್ಲಿ ಮುದ್ರಿಸಿದ ಕಾಗದ ಕಾರ್ಡ್ ಹೊಡೆಯುವವನ ಕೈಸೇರಿ, ಕಾರ್ಡು ಹೊಡೆದು ಪೋಣಿಸಿ ಆಗಿರಬೇಕಿತ್ತು. ಹೋಗುವ ಮುಂಚೆ ನನಗೆ ಹೇಳಿದಳು.

“ತಲಿಭಾಗ ಮತ್ತ ಅಂಕಿ ಕೂಡಿಸಿ ಕಂಪೈಲ್ ಮಾಡು. ಪ್ರಿಂಟ್ ತಗದು ಈರಪ್ಪಣ್ಣಗ ಕೊಡು. ನನ್ನ ಅಂಕಿ ಮಾತ್ರ ಮುಟ್ಟಬ್ಯಾಡಪಾ. ಅವನ್ನ ಮೂರ ಸರತಿ ತಾಳೆ ನೋಡೇನಿ.”

“ಡಾಕ್ಟರ್‌ಗ ಹೇಳಿಕೊಡತಿ ಏನಬೇ,” ಎಂದೆ.

ಈರಪ್ಪ ಎಂದರೆ ಸಂಘದ ಕಾರ್ಡ್ ಹೊಡೆಯುವವನು. ನಾನು ಬಾಗಿಲು ತೆಗೆಯುವ ಮೊದಲೇ ನಮ್ಮ ಕೇಂದ್ರದ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಒಳಗೆ ಕರೆದರೆ ಬರಲಿಲ್ಲ. ಬಾಗಿಲಲ್ಲೇ ನಿಂತು ಇಣುಕುತ್ತಿದ್ದ.

ಎರಡೂ ಭಾಗ ಕೂಡಿಸಿ ಕಂಪೈಲ್ ಒತ್ತಿದೆ. ಕೆಳಗಿನ ಕಿಟಕಿಯಲ್ಲಿ ತಪ್ಪುಗಳ ಸಾಲೇ ಇಳಿಯಿತು. ಮೊದಲನೆಯದು ‘ಅರೇ ಬೌಂಡ್ಸ್ ಮಿಸ್ಸಿಂಗ್’. ಎನ್ ಬರೆದ ಕಂಸವನ್ನು ನಾನು ಮುಚ್ಚಿರಲೇ ಇಲ್ಲ. ಒಂದು ಕಂಸ ತೆರೆದಿದ್ದರೆ ಅದರ ಕೆಳಗಿನ ಸಾಲೆಲ್ಲ ಕಂಪೈಲರ್‌ಗೆ ಗೊಂದಲ. ಮುಚ್ಚಿ ಮತ್ತೆ ಒತ್ತುವಷ್ಟರಲ್ಲಿ ಕರೆಂಟ್ ಹೋಯಿತು.

ನಮ್ಮೂರಲ್ಲಿ ಕರೆಂಟ್ ಹೋದದ್ದು ದೀಪ ನೋಡಿ ತಿಳಿಯಬೇಕಿಲ್ಲ. ಎಲ್ಲ ಓಣಿಯ ಮಗ್ಗಗಳೂ ಒಮ್ಮೆಗೇ ನಿಲ್ಲುತ್ತವೆ. ಕಿವಿ ಗುಂಯ್ ಎನ್ನುತ್ತದೆ. ಕೇಂದ್ರದ ಯುಪಿಎಸ್ ಹಳೆಯದು, ಕೂಗಿ ಕೂಗಿ ಸತ್ತಿತು. ನಾನು ಮಾಡಿದ ಬದಲಾವಣೆ ಉಳಿಸಿಕೊಂಡಿರಲಿಲ್ಲ.

“ಏನೋ ಡಾಕ್ಟರ, ಪೇಶಂಟ್ ಹೋತೇನು?” ಎಂದ ಈರಪ್ಪ ಬಾಗಿಲಿಂದ.

“ಕರೆಂಟ್ ಹೋತು.”

“ಒಂದೆರಡಲ್ಲ. ಅರವತ್ತೆಪ್ಪತ್ತು ಕಾರ್ಡ್ ಹೊಡೀಬೇಕು ನಾ. ಕೈ ಐತಿ ಇದು, ಮಷೀನಲ್ಲೋ ಮಾರಾಯಾ.”

ಕರೆಂಟ್ ಬರುವವರೆಗೆ ಆ ಕತ್ತಲು ಪರದೆಯ ಮುಂದೆ ಕೂತೇ ಇದ್ದೆ. ಬಂದಾಗ ಬಿಸಿಲು ಏರಿತ್ತು. ಕಂಸ ಮುಚ್ಚಿದೆ, ಉಳಿಸಿದೆ, ಒತ್ತಿದೆ. ಈಗ ‘ಕಾನ್ಸ್ಟಂಟ್ ಎಕ್ಸ್‌ಪ್ರೆಶನ್ ರಿಕ್ವಾಯರ್ಡ್’ ಎಂದು ಬಂತು. ಅರೇಯ ಗಾತ್ರ ಬದಲಾಗುವ ಅಕ್ಷರವಾಗಿರಬಾರದು, ಗಟ್ಟಿ ಅಂಕಿಯೇ ಇರಬೇಕು ಎಂದು ಅದರ ಅರ್ಥ. ನನ್ನ ಜಾಣತನದ ಎನ್ ತೆಗೆದು ಅರವತ್ತೆಂಟು ಎಂದೇ ಬರೆದೆ. ಅವಸರದಲ್ಲಿ ಎರಡು ಸಲ ಅರವತ್ತೆಂಟರ ಬದಲು ಎಂಬತ್ತಾರು ಬಿತ್ತು.

ಮತ್ತೆ ಒತ್ತಿದೆ. ಒಂದೇ ಒಂದು ತಪ್ಪು ಉಳಿಯಿತು. ‘ಟೂ ಮೆನಿ ಇನಿಷಿಯಲೈಜರ್ಸ್’. ಹೇಳಿದ ಗೂಡಿಗಿಂತ ತುಂಬಿದ ಸಾಮಾನು ಹೆಚ್ಚಾಗಿದೆ ಎಂದು.

ಮೂರೂ ತಪ್ಪು ಬಂದದ್ದು ಒಂದೇ ಡಿಕ್ಲರೇಶನ್ನಿನಿಂದ. ಅದನ್ನು ಟೈಪ್ ಮಾಡಿದವನು ನಾನು. ಕಣ್ಣೆದುರಿಗೇ ಇತ್ತು, ಆದರೂ ಹೊಳೆಯಲಿಲ್ಲ. ಕಂಪೈಲರ್ ಕರ್ಸರನ್ನು ಒಯ್ದು ನಿಲ್ಲಿಸಿದ್ದು ರೇಣುಕಾಳ ಅಂಕಿಗಳ ಮೇಲೆ. ಅಲ್ಲಿ ಒಂದು ಸಾಲು, ಪೂರಾ ಸೊನ್ನೆ. ಸೊನ್ನೆ, ಸೊನ್ನೆ, ಸೊನ್ನೆ, ಕೊನೆಯವರೆಗೂ ಸೊನ್ನೆ.

ಈ ತಪ್ಪಿಗೆ ನನ್ನ ಹತ್ತಿರ ಎರಡು ಔಷಧ ಇದ್ದವು. ಒಂದು, ಕಂಸದ ಅಂಕಿ ಹೆಚ್ಚಿಸುವುದು. ಇನ್ನೊಂದು, ಹೆಚ್ಚಾದ ಸಾಮಾನು ತೆಗೆಯುವುದು. ಅಂಕಿ ನನ್ನದು. ಅಪ್ಪನ ಬಾಯಿಂದ ಬಂದದ್ದು. ಅಪ್ಪ ತಪ್ಪು ಎಣಿಸುವುದಿಲ್ಲ. ಇವಳೇ ತೂಕಡಿಸುತ್ತ ಖಾಲಿ ಸಾಲು ಹೊಡೆದಿದ್ದಾಳೆ ಎಂದುಕೊಂಡೆ. ಸೊನ್ನೆ ಬಿಟ್ಟು ಏನೂ ಇಲ್ಲದ ಸಾಲು ಅಳಿಸಿದರೆ ಏನು ಹೋಗುತ್ತದೆ?

ಅಳಿಸಿದೆ. ಒತ್ತಿದೆ. ಅದೇ ತಪ್ಪು, ಮುಂದಿನ ಸಾಲಿನ ಮೇಲೆ. ಅದೂ ಸೊನ್ನೆ. ಅಳಿಸಿದೆ.

ಮೂರನೆಯ ಸಾಲಿಗೆ ಬಂದಾಗ ಕೈ ತಡೆಯಿತು. ಒಂದು ಸಾಲು ತಪ್ಪಿ ಬೀಳಬಹುದು, ಮೂರು ಬೀಳುತ್ತವೆಯೇ? ಮೂರು ಸಲ ತಾಳೆ ನೋಡಿದ್ದೇನೆ ಎಂದಿದ್ದಳಲ್ಲ? ಬಾಗಿಲತ್ತ ನೋಡಿದೆ. ಈರಪ್ಪ ಎದ್ದು ನಿಂತು ಧೋತರ ಝಾಡಿಸುತ್ತಿದ್ದ.

“ನಾ ಹೊಂಟೆ ನೋಡಪಾ. ಅಧ್ಯಕ್ಷರಿಗೆ ಆಗಲಿಲ್ಲಂತ ಹೇಳತೇನಿ.”

“ಆತು ಆತು, ಈರಪ್ಪಣ್ಣ. ಒಂದ ನಿಮಿಷ ತಡೀರಿ.”

ಮೂರನೆಯದನ್ನೂ ನಾಲ್ಕನೆಯದನ್ನೂ ಒಟ್ಟಿಗೆ ಅಳಿಸಿದೆ. ಒತ್ತಿದೆ. ಪರದೆಯ ನಡುವೆ ‘ಸಕ್ಸೆಸ್’ ಎಂದು ಮಿನುಗಿತು. ಆ ಶಬ್ದ ನೋಡಿದ ಕೂಡಲೇ ಅನುಮಾನವೆಲ್ಲ ಇಳಿದುಹೋಯಿತು. ಹಲ್ಲುನೋವು ನಿಂತ ಹಾಗೆ. ನೋವು ನಿಂತರೆ ಹಲ್ಲು ಸರಿಹೋಯಿತೆಂದು ಅರ್ಥವಲ್ಲ ಎಂಬುದು ಯಾರಿಗೆ ನೆನಪಿರುತ್ತದೆ?

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಿರ್ರೆಂದು ಕಾಗದ ಉಗುಳಿತು. ತೂತಿಗೆ ಚುಕ್ಕಿ, ಖಾಲಿಗೆ ಗೆರೆ. ಈರಪ್ಪ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಓಡಿದ.

ನಾಲ್ಕಕ್ಕೆ ಸಂಘದ ಶೆಡ್ಡಿಗೆ ಹೋದಾಗ ರೇಣುಕಾ ಬಸ್ಸಿಳಿದು ಅಲ್ಲಿಗೇ ನೇರವಾಗಿ ಬಂದಿದ್ದಳು. ಪರೀಕ್ಷೆಯ ಪ್ಯಾಡ್ ಇನ್ನೂ ಕೈಯಲ್ಲೇ ಇತ್ತು. ಅಪ್ಪ ಬಾಗಿಲ ಹತ್ತಿರ ಕೈ ಹಿಂದೆ ಕಟ್ಟಿ ನಿಂತಿದ್ದ. ಕೈ ಹಚ್ಚಬಾರದೆಂಬ ಷರತ್ತನ್ನು ಪಾಲಿಸುತ್ತಿರುವುದು ಎಲ್ಲರಿಗೂ ಕಾಣಲಿ ಎಂದು ಹಾಗೆ ನಿಂತಿದ್ದ.

“ಎರರ್ ಬಂತೇನು?” ಎಂದು ಮೆಲ್ಲಗೆ ಕೇಳಿದಳು.

“ಸಣ್ಣ ಪುಟ್ಟ ಬಂದಿದ್ದು. ತಗದೆ.”

ಕಾರ್ಡಿನ ಮಾಲೆ ಏರಿಸಿದರು. ಮಗ್ಗ ಹಚ್ಚಿದರು. ದಡಿಯಲ್ಲಿ ಮೊದಲ ತೆನೆ ಬುಡದಿಂದ ತುದಿಗೆ ಮೂಡತೊಡಗಿತು. ಕಾಳು ಕಾಳು ಬಿಡಿಬಿಡಿಯಾಗಿ, ಅಪ್ಪ ಕೈಯಲ್ಲಿ ತೆಗೆದದ್ದಕ್ಕಿಂತ ಒಪ್ಪವಾಗಿ ಬಂತು. ಅಪ್ಪನ ಮುಖ ಅರಳಿತು. ಅಧ್ಯಕ್ಷರು ತಲೆದೂಗಿ, “ಛಲೋ ಬರಾಕತ್ತೈತಿ,” ಎಂದರು. ರೇಣುಕಾ ತುಟಿ ಕಚ್ಚಿಕೊಂಡು ನಿಂತಿದ್ದಳು.

ತೆನೆಯ ತುದಿ ಮುಗಿಯಿತು. ಮುಗಿದಲ್ಲಿಯೇ, ಒಂದು ಎಳೆಯ ಬಿಡುವೂ ಇಲ್ಲದೆ, ಎರಡನೆಯ ತೆನೆಯ ಬುಡ ಹತ್ತಿಕೊಂಡಿತು. ಎರಡನೆಯದರ ತುದಿಗೆ ಮೂರನೆಯದು. ತೆನೆ ಹೋಗಿ ಒಂದು ಗಂಟುಗಂಟಾದ ಹಗ್ಗವಾಯಿತು. ತುದಿ ಬುಡ ಕೂಡುವಲ್ಲಿ ಎಳೆ ಸಡಿಲಾಗಿ ಮೇಲೆ ಜೋತುಬಿದ್ದವು. ಈರಪ್ಪ ಮಗ್ಗ ನಿಲ್ಲಿಸಿದ.

ನನಗೆ ಆ ಗಳಿಗೆಯಲ್ಲೇ ತಿಳಿಯಿತು. ಉಸಿರು. ನಾಲ್ಕು ಸೊನ್ನೆ ಸಾಲು. ಅಪ್ಪನ ಅರವತ್ತೆಂಟು.

“ನಾಲ್ಕ ಖಾಲಿ ಕಾರ್ಡ್ ಸೇರಿಸಿದ್ರ ಆತಲ್ಲರೀ,” ಎಂದ ಈರಪ್ಪ.

“ಅದನ್ನ ನೀ ನೋಡಿ ಹೇಳೂದಾದ್ರ ಕಂಪ್ಯೂಟರ್ ಯಾಕ ಬೇಕೋ?” ಎಂದರು ಅಧ್ಯಕ್ಷರು. ಆಮೇಲೆ ರೇಣುಕಾಳ ಕಡೆ ತಿರುಗಿದರು. ದನಿ ಏರಿಸಲಿಲ್ಲ. “ತಂಗಿ, ನೇಕಾರನ ಮಗಳಾಗಿ ಉಸಿರು ಮರತ್ಯಲ್ಲವಾ. ಇದನ್ನ ಪೂರಾ ನೀನ ಬರದಿದ್ದೇನು?”

ರೇಣುಕಾ ಈರಪ್ಪನ ಹತ್ತಿರವಿದ್ದ ಕಾಗದದ ಸುರುಳಿ ಬಿಚ್ಚಿ ಕೊನೆಯ ಸಾಲು ನೋಡಿದಳು. ಅಲ್ಲಿ ಗೆರೆಯ ಬದಲು ಚುಕ್ಕಿ ಇದ್ದವು. ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಸುಮ್ಮನೆ ನೋಡಿದಳು, ಬಹಳ ಹೊತ್ತು. ಪಕ್ಕದ ಶೆಡ್ಡಿನ ಮಗ್ಗಗಳು ಬಡಿಯುತ್ತಲೇ ಇದ್ದವು. ನಾನು ಬಾಯಿ ತೆರೆದರೆ ಸಾಕಿತ್ತು. ಅಳಿಸಿದವನು ನಾನು ಎಂಬ ಒಂದು ಮಾತು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡಿದ್ದು ಅವಳ ಬಾಳಲ್ಲ, ನಾಳೆ ಲ್ಯಾಬಿನಲ್ಲಿ ಹುಡುಗರು ನನ್ನನ್ನು ಏನೆಂದು ಕರೆದಾರು ಎಂಬುದು. ನಾನು ಮಗ್ಗದ ಕಾಲು ನೋಡುತ್ತ ನಿಂತೆ.

“ಹೌದರಿ,” ಎಂದಳು ಅವಳು. “ನನ್ನ ತಪ್ಪರಿ.”

ಮನೆಗೆ ಬಂದು ಹೊಸ್ತಿಲು ದಾಟುವಾಗ ಅಪ್ಪ, “ಉಸಿರು ಎಣಸಬೇಕಂತ ನಾ ನಿಮಗ ಕಲಿಸ್ಲೇ ಇಲ್ಲ ನೋಡ್ರಿ,” ಎಂದ. ಆ ಮಾತಿಗೂ ನಾನು ಬಾಯಿ ಬಿಡಲಿಲ್ಲ.

ಸಂಘಕ್ಕೆ ಹೊರಗಿನ ಸಾಫ್ಟ್‌ವೇರ್ ಬಂತು. ರೇಣುಕಾಳನ್ನು ಮುಧೋಳಕ್ಕೆ ಕೊಟ್ಟೆವು. ಗಂಡ ಒಳ್ಳೆಯವನು, ಹಿಟ್ಟಿನ ಗಿರಣಿ ನಡೆಸುತ್ತಾನೆ. ಬಿಸಿಎ ಪಾಸಾದಳು, ಅದರ ಸರ್ಟಿಫಿಕೇಟ್ ತರಲು ನಾನೇ ಜಮಖಂಡಿಗೆ ಹೋದೆ. ಅವಳು ಮತ್ತೆ ಕಂಪ್ಯೂಟರ್ ಮುಂದೆ ಕೂರಲಿಲ್ಲ. ಊರಿಗೆ ಬಂದಾಗ ಕೇಂದ್ರದ ಕಡೆ ಕರೆದರೆ, “ಅಲ್ಲೇನೈತೋ ನಂದು,” ಎನ್ನುತ್ತಿದ್ದಳು. ಅಪ್ಪ ತೀರಿಕೊಂಡಿದ್ದು ೨೦೦೯ರಲ್ಲಿ. ಕೊನೆಯ ದಿನಗಳಲ್ಲಿ ಯಾರಾದರೂ ಮಗಳ ವಿಷಯ ಎತ್ತಿದರೆ, “ಶ್ಯಾಣೇಕಿ, ಭಾಳ ಜಾಣಿ. ನಾನ ಅರ್ಧಾ ಕಲಿಸಿದೆ,” ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದ. ತಪ್ಪು ತನ್ನದೆಂದು ನಂಬಿಕೊಂಡೇ ಹೋದ.

ಇಷ್ಟು ವರ್ಷ ನಾನು ಒಂದು ಸಮಾಧಾನ ಇಟ್ಟುಕೊಂಡಿದ್ದೆ. ಸಾಲು ಅಳಿಸಿದ್ದು ನನ್ನ ತಪ್ಪು, ಸುಮ್ಮನಿದ್ದದ್ದು ನನ್ನ ತಪ್ಪು, ಆದರೆ ಮೊದಲ ಕಂಸ ಖಾಲಿ ಬಿಟ್ಟು ಗೊಂದಲ ಶುರು ಮಾಡಿದವಳು ಅವಳು ಎಂದು. ೨೦೧೧ರಲ್ಲಿ ಅದೂ ಹೋಯಿತು.

ಚಿಮ್ಮಡದಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಪ್ರೋಗ್ರಾಮ್ ಹೊಡೆಯುತ್ತಿದ್ದಳು. ಅವಳ ಅರೇಯ ಮೊದಲ ಕಂಸ ಖಾಲಿ ಇತ್ತು. ಹಿಂದಿನಿಂದ ನೋಡಿ, “ಗಾತ್ರ ಹಾಕವಾ, ಎರರ್ ಬರತೈತಿ,” ಎಂದೆ.

“ಬರಂಗಿಲ್ಲರಿ ಸರ್,” ಎಂದು ಕಂಪೈಲ್ ಒತ್ತಿದಳು. ಬರಲಿಲ್ಲ.

“ಅಂಕಿ ಕೆಳಗ ಕೊಟ್ಟಿರತೇವಲ್ಲರಿ. ಮೊದಲನೇ ಕಂಸ ಖಾಲಿ ಬಿಟ್ರ ಕಂಪೈಲರ್ ತಾನ ಎಣಿಸಿ ತಗೊಂತೈತಿ.”

ನಾನು ಖುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ. ಅವಳ ಪ್ರೋಗ್ರಾಮಿಗೆ ಒಂದು ಸಾಲು ಸೊನ್ನೆ ಸೇರಿಸಲು ಹೇಳಿದೆ. ಮತ್ತೊಂದು ಸೇರಿಸಲು ಹೇಳಿದೆ. ಒತ್ತಿದಾಗಲೆಲ್ಲ ಸಕ್ಸೆಸ್ ಎಂದೇ ಬಂತು. ಹುಡುಗಿ ನನ್ನ ಮುಖ ನೋಡಿ, “ಸರ್, ನೀರ ಬೇಕೇನ್ರಿ?” ಎಂದಳು.

ಅಂದು ರೇಣುಕಾ ಏನನ್ನೂ ಮರೆತಿರಲಿಲ್ಲ. ಅವಳು ಬರೆದ ಹಾಗೆಯೇ ಟೈಪ್ ಮಾಡಿದ್ದರೆ ತಪ್ಪುಗಳೇ ಬರುತ್ತಿರಲಿಲ್ಲ. ಎಪ್ಪತ್ತೆರಡೂ ಸಾಲು ತಾವಾಗಿ ಹೋಗಿ ಕೂರುತ್ತಿದ್ದವು. ಕಂಪೈಲರ್ ಅಂದು ದೂರಿದ್ದು ನನ್ನನ್ನು. ನಾನು ಆ ದೂರನ್ನು ಅವಳ ಮೇಲೆ ತೀರಿಸಿದ್ದೆ.

ಆ ವಾರವೇ ಮುಧೋಳಕ್ಕೆ ಹೋದೆ. ಅವಳು ಗಿರಣಿಯ ಹಿಂದಿನ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸದೆ, “ಬಾ, ಕೂಡು, ಏನ ಹಿಂಗ ಹೇಳದ ಕೇಳದ?” ಎಂದಳು. ನಾನು ಪೀಠಿಕೆ ಹಾಕಲಿಲ್ಲ.

“ರೇಣು, ಅವತ್ತ ಆ ಮೊದಲನೇ ಕಂಸ ಯಾಕ ಖಾಲಿ ಬಿಟ್ಟಿದ್ದಿ?”

ಯಾವ ಅವತ್ತು ಎಂದು ಅವಳು ಕೇಳಲಿಲ್ಲ.

“ತಾನ ಎಣಸ್ಕೊಳ್ಳಿ ಅಂತ,” ಎಂದಳು. “ಅಪ್ಪ ಎಣಸಿದ್ರ ಉಸಿರು ಬಿಡತಾನ. ನೀ ಎಣಸೂದಂದ್ರ ಅಪ್ಪನ್ನ ಹೋಗಿ ಕೇಳತಿ. ನನಗ ಗೊತ್ತಿಲ್ಲೇನು ನಿಮ್ಮಿಬ್ಬರ ಹಣೇಬರಾ? ಅದಕ ಯಾರ ಕೈಗೂ ಬ್ಯಾಡಂತ ಬಿಟ್ಟಿದ್ದೆ.”

ಅವಳಿಗೆ ಸಣ್ಣಗೆ ನಗು ಬಂತು. ನನಗೆ ಬರಲಿಲ್ಲ. ತಪ್ಪೆಲ್ಲ ನನ್ನದೇ ಎಂದು ಹೇಳಿದೆ. ಡಿಕ್ಲರೇಶನ್ ಕೆಡಿಸಿದ್ದು, ನಾಲ್ಕು ಸಾಲು ಅಳಿಸಿದ್ದು, ಮೂರನೆಯದಕ್ಕೆ ಕೈ ತಡೆದದ್ದು, ಆದರೂ ಅಳಿಸಿದ್ದು. ಶೆಡ್ಡಿನಲ್ಲಿ ನನಗೆ ಎಲ್ಲ ಗೊತ್ತಾಗಿತ್ತು ಎಂದೂ ಹೇಳಿದೆ. ಕೊನೆಗೆ ಕೇಳಿದೆ.

“ಮತ್ತ ನೀ ಯಾಕ ನನ್ನ ತಪ್ಪು ಅಂದಿ?”

ಮೊರ ನಿಂತಿತು.

“ಒಮ್ಮೆಗೇ ಅಂದ್ನೇನು? ಎಷ್ಟೊತ್ತು ಸುಮ್ಮನ ನಿಂತಿದ್ದೆ, ನೆನಪೈತಿಲ್ಲ? ಅದು ನಿನಗಂತ ಬಿಟ್ಟ ಜಾಗಾ ಆಗಿತ್ತಣ್ಣಾ. ನೀ ಅದನ್ನೂ ಖಾಲಿ ಅಂತ ತಿಳಕೊಂಡಿ.”

ಗಿರಣಿ ಅತ್ತ ಓಡುತ್ತಲೇ ಇತ್ತು. ಅವಳು ಮೊರ ಕೆಳಗಿಟ್ಟಳು. ದನಿಯಲ್ಲಿ ಮೊದಲಿನ ಹಗುರ ಇರಲಿಲ್ಲ.

“ನನಗೇನೂ ಹೇಳಬೇಕಾಗಿದ್ದಿಲ್ಲ ನೀ. ನನಗ ಅವತ್ತ ಗೊತ್ತಿತ್ತು. ಅಪ್ಪಗ ಹೇಳಬೇಕಾಗಿತ್ತು.”

ಅದಕ್ಕೆ ನನ್ನಲ್ಲಿ ಔಷಧವಿರಲಿಲ್ಲ, ಈಗಲೂ ಇಲ್ಲ.

ಇಂದಿಗೂ ನನ್ನ ಕೆಲಸ ಅದೇ, ಹುಡುಗರ ತಪ್ಪು ತೆಗೆದುಕೊಡುವುದು. ಡಾಕ್ಟರ್ ಎಂದು ಕರೆದರೆ ಬೇಡ ಎನ್ನುತ್ತೇನೆ. ಕೆಲಸ ನನಗೆ ಕಲಿಸಿದ್ದು ಇಷ್ಟು. ಡಿಕ್ಲರೇಶನ್ ಒಂದು ಹೇಳುತ್ತದೆ, ಕೆಳಗಿನ ಅಂಕಿಗಳು ಇನ್ನೊಂದು ಹೇಳುತ್ತವೆ. ಎರಡಕ್ಕೂ ಹೊಂದಿಕೆಯಿಲ್ಲ ಎಂದಷ್ಟೇ ಕಂಪೈಲರ್‌ಗೆ ಗೊತ್ತು. ಎರಡರಲ್ಲಿ ಸುಳ್ಳು ಯಾವುದು ಎಂದು ಅದು ಹೇಳುವುದಿಲ್ಲ. ಕರ್ಸರ್ ನಿಂತ ಜಾಗವೇ ತಪ್ಪಿನ ಜಾಗ ಎಂದು ತಿಳಿಯುವುದು ಸುಲಭ, ಅಲ್ಲಿ ಬರೆದವರು ಎದುರಿಗಿಲ್ಲದಾಗ ಇನ್ನೂ ಸುಲಭ. ಆದ್ದರಿಂದ ಈಗ ಯಾರಾದರೂ, “ಸರ್, ಈ ಸಾಲು ಅಳಿಸಿದ್ರ ಎರರ್ ಹೋಗತೈತಿ, ಅಳಿಸ್ಲೇನ್ರಿ?” ಎಂದು ಕೇಳಿದರೆ ತಡೆಯುತ್ತೇನೆ. ಮೊದಲು ಮೇಲಕ್ಕೆ ಹೋಗು, ನೀನು ಹೇಳಿದ ಅಂಕಿ ಯಾರನ್ನು ಕೇಳಿ ಹಾಕಿದ್ದು ಹೇಳು ಎನ್ನುತ್ತೇನೆ. ಸಾಲು ಪೂರಾ ಸೊನ್ನೆಯಾಗಿದ್ದರೆ ಅವರ ಕೈಯನ್ನು ಕೀಬೋರ್ಡಿನಿಂದ ನಾನೇ ತೆಗೆಯುತ್ತೇನೆ.